ಮಹಾನಗರದೊಳಗಿನ ಚಿಕ್ಕ ಊರು

ಮುಂಬಯಿಗೆ ಬಂದ ಕನ್ನಡಿಗನು ಊರನ್ನು ಬಿಟ್ಟುಬಂದನೆಂದು ಹೇಳುವುದು ವಾಡಿಕೆ. ಆದರೆ ಕಳೆದ ಒಂದು ಶತಮಾನದ ನಮ್ಮ ಸಾಮೂಹಿಕ ಜೀವನವನ್ನು ಸಾವಧಾನದಿಂದ ಅವಲೋಕಿಸಿದವರಿಗೆ, ಆತನು ಊರನ್ನು ತೊರೆದದ್ದಕ್ಕಿಂತ ಗಂಟುಮೂಟೆಯ ಜತೆಗೆ ಅದನ್ನೂ ಹೊತ್ತುತಂದದ್ದೇ ಹೆಚ್ಚೆಂಬುದು ಗೋಚರಿಸದೆ ಇರದು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, ಆಮೇಲೆ ಕರ್ನಾಟಕ ಸಂಘ ಮತ್ತು ಉಪನಗರಗಳ ಅನೇಕಾನೇಕ ಕನ್ನಡ ಸಂಘಗಳು, 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಭೋಜನಗೃಹಗಳು. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದ ಬಾಲಕನು ಸಂಜೆಯಾದೊಡನೆ ಸ್ಲೇಟು ಹಿಡಿದು ಕುಳಿತ ಕನ್ನಡ ರಾತ್ರಿಶಾಲೆಗಳು. ಇವೆಲ್ಲವೂ ಕೂಡಿ ಮಹಾನಗರದ ಹೊಟ್ಟೆಯೊಳಗೆ ಒಂದು ಚಿಕ್ಕ ಊರನ್ನು ನಿರ್ಮಿಸಿದವು. ಆ ಊರು ನಮ್ಮ ಹಿರಿಯರಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿತು. ರೋಗ ಬಂದಾಗ ಔಷಧವನ್ನು ತರಿಸಿತು, ಸಾವು ಬಂದಾಗ ಹೆಗಲು ಕೊಟ್ಟಿತು. ಇದಕ್ಕೆ ನಾವು ಚಿರಋಣಿಗಳು.

ಆದರೆ ಊರು ಬರುವಾಗ ಅದರ ಕಣ್ಣೂ ಬಂದಿತು. ಡೊಂಬಿವಲಿಯ ಮಹಡಿಯಲ್ಲಿ ಆಡಿದ ಮಾತು ಮೂರನೆಯ ದಿನ ಕಾರ್ಕಳದ ಅಂಗಳವನ್ನು ಸೇರುವುದು, ಯಾರ ಮಗನಿಗೆ ಮೂವತ್ತೆರಡಾದರೂ ಮದುವೆಯಾಗಿಲ್ಲವೆಂಬುದು ಮುಲುಂಡಿನ ಸತ್ಯನಾರಾಯಣ ಪೂಜೆಯಲ್ಲಿ ಚರ್ಚೆಯ ವಿಷಯವಾಗುವುದು, ವಧೂವರರ ಸಮಾವೇಶದಲ್ಲಿ ಹೆಸರು ನೋಂದಾಯಿಸದವರನ್ನು ಕುರಿತು ಹಿರಿಯರು ಅರ್ಥಪೂರ್ಣವಾಗಿ ಮೌನ ತಾಳುವುದು, ಇವೂ ಆ ಚಿಕ್ಕ ಊರಿನ ನಿತ್ಯವ್ಯವಹಾರಗಳೇ. ಬಹುಮಂದಿಗೆ ಈ ಕಣ್ಣು ಕೇವಲ ಕಿರಿಕಿರಿ. ಕೆಲವರಿಗೆ ಮಾತ್ರ ಅದು ಜೀವನ್ಮರಣದ ಪ್ರಶ್ನೆ. ಪುರುಷನಾಗಿ ಪುರುಷನನ್ನು ಪ್ರೀತಿಸುವವನು, ಸ್ತ್ರೀಯಾಗಿ ಸ್ತ್ರೀಯೊಡನೆ ಬಾಳಬಯಸುವವಳು, ಹುಟ್ಟಿದಾಗ ಲೋಕವು ಗುರುತಿಸಿದ ಲಿಂಗಕ್ಕೂ ತನ್ನ ಅಂತರಂಗದ ಅರಿವಿಗೂ ಹೊಂದಿಕೆಯಿಲ್ಲದೆ ಬಳಲುವವರು. ಇಂತಹವರು ನಮ್ಮ ಮನೆಗಳಲ್ಲಿಯೇ ಇದ್ದಾರೆ, ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿಯೇ ಇದ್ದಾರೆ. ಇವರನ್ನು ಕುರಿತು ಬರೆಯಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು.

ದೇಶದ ನಾನಾ ಭಾಗಗಳ ಸಣ್ಣ ಊರುಗಳಿಂದ ಇಂತಹ ಜನರು ಮುಂಬಯಿಯನ್ನು ಅರಸಿ ಬಂದುದಕ್ಕೆ ಕಾರಣ ಸ್ಪಷ್ಟವಾಗಿದೆ. ಚರ್ಚ್‌ಗೇಟಿನಿಂದ ವಿರಾರಿನವರೆಗೆ ಜನಸಾಗರವನ್ನು ಹೊತ್ತು ಓಡುವ ಲೋಕಲ್ ರೈಲಿನಲ್ಲಿ ಯಾರೂ ಯಾರ ಗೋತ್ರವನ್ನೂ ವಿಚಾರಿಸುವುದಿಲ್ಲ. ಸಾರ್ವಜನಿಕ ಉದ್ಯಾನ, ರೈಲಿನ ಕೆಲವು ಗೊತ್ತಾದ ಡಬ್ಬಿಗಳು, ಸಮುದ್ರತೀರದ ಕಟ್ಟೆ, ಇಂತಹ ತಾಣಗಳಲ್ಲಿ ಪರಸ್ಪರರನ್ನು ಕಣ್ಣಿನಿಂದಲೇ ಗುರುತಿಸುವ ಒಂದು ಗುಪ್ತಲೋಕವು ದಶಕಗಳ ಕಾಲ ಇಲ್ಲಿ ನಡೆದುಬಂದಿತು. ಅದರ ಜತೆಯಲ್ಲಿಯೇ ಸುಲಿಗೆಕೋರರ ಬೆದರಿಕೆಯೂ ಪೋಲೀಸರ ಭಯವೂ ನಡೆದುಬಂದವು. ಬ್ರಿಟಿಷರು 1860ರಲ್ಲಿ ರಚಿಸಿದ ದಂಡಸಂಹಿತೆಯ 377ನೆಯ ಕಲಮು ಪ್ರಕೃತಿವಿರುದ್ಧವೆಂದು ತಾನು ಹೆಸರಿಸಿದ ಸಂಬಂಧಕ್ಕೆ ಆಜೀವ ಕಾರಾವಾಸದವರೆಗೆ ಶಿಕ್ಷೆಯನ್ನು ವಿಧಿಸಿದ್ದಿತು. ನ್ಯಾಯಾಲಯದ ಮೆಟ್ಟಿಲೇರಿದ ಮೊಕದ್ದಮೆಗಳಿಗಿಂತ, ಈ ಕಲಮಿನ ಹೆಸರು ಹೇಳಿ ಕತ್ತಲಲ್ಲಿ ಕಿತ್ತುಕೊಂಡ ಕೈಗಡಿಯಾರಗಳೂ ಸಂಬಳದ ಹಣವೂ ಹೆಚ್ಚೆಂದು ಆ ಕಾಲವನ್ನು ಕಂಡವರು ಹೇಳುತ್ತಾರೆ.

ಆ ಗುಪ್ತಲೋಕದಿಂದ ಹೊರಗೆ ಬಂದು ಹಗಲಿನಲ್ಲಿ ನಿಂತು ಮಾತನಾಡಿದವರಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿಯವರು ಅಗ್ರಗಣ್ಯರು. ಅವರು 1990ರಲ್ಲಿ ‘ಬಾಂಬೆ ದೋಸ್ತ್’ ಎಂಬ ಪತ್ರಿಕೆಯನ್ನು ಆರಂಭಿಸಿದರು; ನಡುವೆ 2002ರಲ್ಲಿ ನಿಂತು 2009ರಲ್ಲಿ ಪುನಃ ಚೇತರಿಸಿಕೊಂಡ ಈ ಪತ್ರಿಕೆ, ತಾನೊಬ್ಬನೇ ಲೋಕದಲ್ಲಿ ಹೀಗೆ ಹುಟ್ಟಿದ್ದೇನೆಂದು ನಂಬಿದ್ದ ಎಷ್ಟೋ ಜನರಿಗೆ ಹಾಗಲ್ಲವೆಂಬ ಅರಿವನ್ನು ಮೊಟ್ಟಮೊದಲಿಗೆ ಮುಟ್ಟಿಸಿತು. 1994ರಲ್ಲಿ ಹಮ್‌ಸಫರ್ ಟ್ರಸ್ಟ್ ಸ್ಥಾಪಿತವಾಯಿತು. ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಮಹಾನಗರಪಾಲಿಕೆಯ ಕಟ್ಟಡದಲ್ಲಿಯೇ ಅದಕ್ಕೆ ಸ್ಥಳ ದೊರೆಯಿತು. ಒಂದು ಸರ್ಕಾರಿ ಶಾಸನವು ಅಪರಾಧಿಗಳೆಂದು ಕರೆದವರಿಗೆ ಇನ್ನೊಂದು ಸಾರ್ವಜನಿಕ ಸಂಸ್ಥೆಯು ಕೂಡುವುದಕ್ಕೆ ಕೊಠಡಿ ಕೊಟ್ಟದ್ದು ಈ ನಗರದ ಇತಿಹಾಸದಲ್ಲಿ ಸ್ಮರಣೀಯವಾದ ಸಂಗತಿಯೆಂದೇ ನನ್ನ ಭಾವನೆ. ಎಚ್‌ಐವಿಯ ಭೀತಿ ಆವರಿಸಿದ್ದ ಆ ದಿನಗಳಲ್ಲಿ ಆರೋಗ್ಯದ ಕೆಲಸವೇ ಸಮುದಾಯವನ್ನು ಒಂದುಗೂಡಿಸುವ ಕೆಲಸವೂ ಆಯಿತು.

ಆ ಟ್ರಸ್ಟಿನ ಸ್ಥಾಪಕರಲ್ಲಿ ಕನ್ನಡನಾಡಿನವರೊಬ್ಬರು ಇದ್ದರೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಚಿತ್ರನಿರ್ದೇಶಕ ಶ್ರೀಧರ್ ರಂಗಾಯಣ್ ಅವರ ಊರು ಮಂಡ್ಯ. ಮಂಡ್ಯದಿಂದ ಮುಂಬಯಿಗೆ ಬಂದ ಈ ಕಲಾವಿದರು 2003ರಲ್ಲಿ ತಯಾರಿಸಿದ ‘ಗುಲಾಬಿ ಆಯಿನಾ’ ಎಂಬ ಕಿರುಚಿತ್ರಕ್ಕೆ ಸೆನ್ಸಾರ್ ಮಂಡಳಿಯು ಪ್ರಮಾಣಪತ್ರವನ್ನು ನಿರಾಕರಿಸಿತು. ಅವರು ಧೃತಿಗೆಡಲಿಲ್ಲ, 2010ರಲ್ಲಿ ‘ಕಶಿಶ್’ ಎಂಬ, ಈ ಸಮುದಾಯದ ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು ಆರಂಭಿಸಿದರು. 1949ರಲ್ಲಿ ತೆರೆದ, ಮರೀನ್ ಲೈನ್ಸಿನ ಹಳೆಯ ವೈಭವದ ಲಿಬರ್ಟಿ ಚಿತ್ರಮಂದಿರದಲ್ಲಿ ಈ ಉತ್ಸವವು ನಡೆದಾಗ, ಬಾಗಿಲ ಮುಂದೆ ಸರದಿಯಲ್ಲಿ ನಿಂತವರ ಮುಖಗಳಲ್ಲಿ ಅಂಜಿಕೆಯಿರಲಿಲ್ಲ. ಇದೇ ನಗರದ ಗೋರೆಗಾಂವಿನಲ್ಲಿ, 1998ರ ಡಿಸೆಂಬರಿನಲ್ಲಿ, ಇಬ್ಬರು ಸ್ತ್ರೀಯರ ಪ್ರೇಮವನ್ನು ತೋರಿಸಿದ ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರ ನಡೆಯುತ್ತಿದ್ದ ಮಂದಿರದ ಗಾಜುಗಳನ್ನು ವಿರೋಧಿಗಳು ಒಡೆದು ಪ್ರದರ್ಶನವನ್ನು ನಿಲ್ಲಿಸಿದ್ದರೆಂಬುದನ್ನು ನೆನೆದರೆ, ಆ ಸರದಿಯ ಬೆಲೆ ಎಷ್ಟೆಂಬುದು ತಿಳಿದೀತು.

ರಂಗಾಯಣ್ ಅವರ ಕೃತಿಗಳಲ್ಲಿ ನಮ್ಮ ಪ್ರಸ್ತುತ ವಿಷಯಕ್ಕೆ ಅತ್ಯಂತ ಸಮೀಪವಾದುದು 2018ರ ‘ಈವ್ನಿಂಗ್ ಶ್ಯಾಡೋಸ್’. ಮುಂಬಯಿಯಲ್ಲಿ ನೆಲೆಸಿ, ತನ್ನ ಸಂಗಾತಿಯಾದ ಅಮನ್‌ನೊಡನೆ ಬಾಳುತ್ತಿರುವ ಕಾರ್ತಿಕನೆಂಬ ಛಾಯಾಗ್ರಾಹಕ ತರುಣನು ಶ್ರೀರಂಗಪಟ್ಟಣದ ಮನೆಗೆ ಹಿಂದಿರುಗುತ್ತಾನೆ. ಸಂಪ್ರದಾಯಸ್ಥನಾದ ತಂದೆ ದಾಮೋದರನು ಮಗನಿಗೆ ಹೆಣ್ಣು ನೋಡಿಟ್ಟಿರುತ್ತಾನೆ. ಮಗನು ತನ್ನ ಸತ್ಯವನ್ನು ತಾಯಿ ವಸುಧಾಳಿಗೆ ನಿವೇದಿಸುತ್ತಾನೆ. ಕಥೆ ಇಷ್ಟೇ. ಆದರೆ ಈ ಚಿತ್ರವು ಮಗನ ಕಥೆಯಾಗಿ ಆರಂಭವಾಗಿ ತಾಯಿಯ ಕಥೆಯಾಗಿ ಪರಿಣಮಿಸುವ ಬಗೆಯಲ್ಲಿ ಒಂದು ಮಹತ್ತಾದ ಒಳನೋಟವಿದೆ. ಮಗನಿಗೆ ಹೋಗಲು ಮುಂಬಯಿಯಿದೆ. ರಾತ್ರಿಯ ಬಸ್ಸು ಹತ್ತಿದರೆ ಆತನ ಲೋಕ ಬೇರೆ. ತಾಯಿಯಾದರೋ ಆ ಅಡುಗೆಮನೆಯಲ್ಲಿ, ಆ ಗಂಡನೊಡನೆ, ಆ ಬೀದಿಯಲ್ಲಿಯೇ ಮಗನ ಸತ್ಯವನ್ನು ಇಟ್ಟುಕೊಂಡು ದಿನಗಳನ್ನು ನೂಕಬೇಕು. ಮಗನನ್ನು ಹಾಗೆ ಬೆಳೆಸಿದವಳು ನೀನೇ ಎಂಬ ಆರೋಪವನ್ನು ಹೊರುವವಳೂ ಅವಳೇ. ಮಗನನ್ನು ಒಪ್ಪಿಕೊಳ್ಳುವ ಹಾದಿಯಲ್ಲಿ ವಸುಧಾ ತಾನು ಇದುವರೆಗೆ ನುಂಗಿಕೊಂಡು ಬಂದ ತನ್ನ ಇಚ್ಛೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ತಾಯಿಯಾಗಿ ಮೋನಾ ಅಂಬೆಗಾಂವ್ಕರ್, ತಂದೆಯಾಗಿ ಅನಂತ್ ಮಹಾದೇವನ್ ಇದನ್ನು ಬಹು ಸಂಯಮದಿಂದ ಅಭಿನಯಿಸಿದ್ದಾರೆ. ಊರಿನ ಕಟ್ಟಳೆಗೆ ಮಗನೂ ತಾಯಿಯೂ ಏಕಕಾಲದಲ್ಲಿ ಸೆರೆಯಾಳುಗಳೆಂಬ ಈ ದರ್ಶನವು ಶ್ರೀರಂಗಪಟ್ಟಣಕ್ಕೆ ಎಷ್ಟು ಸತ್ಯವೋ ಮಾಟುಂಗಾದ ಚಿಕ್ಕ ಊರಿಗೂ ಅಷ್ಟೇ ಸತ್ಯ.

ಏಕೆಂದರೆ ಮಂಡ್ಯದಿಂದ ಬಂದವನಿಗೆ ಮುಂಬಯಿಯು ಬಿಡುಗಡೆಯ ನಗರವಾದರೆ, ಮುಂಬಯಿಯಲ್ಲಿಯೇ ಹುಟ್ಟಿ, ತಂದೆಯ ಹೋಟೆಲು, ಮಾವನ ಕ್ಯಾಟರಿಂಗು, ಊರಿನ ದೈವದ ನೇಮ, ಸಂಘದ ಕ್ರೀಡಾಕೂಟ, ಇವುಗಳ ನಡುವೆ ಬೆಳೆದ ತರುಣನಿಗೆ ಓಡಿಹೋಗಲು ಇನ್ನೊಂದು ಮುಂಬಯಿ ಎಲ್ಲಿದೆ? ಆತನ ಪಾಲಿಗೆ ಮೀರಾ ರೋಡಿನ ಎರಡು ಕೋಣೆಯ ಮನೆಯೇ ಊರು. ಅಲ್ಲಿ ತಂದೆತಾಯಿಗಳ ಜತೆಗೆ ಅಜ್ಜಿಯೂ ಮಲಗುತ್ತಾಳೆ; ಮಾತನಾಡಲು ಬೇರೆ ಮೂಲೆಯಿಲ್ಲ. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ದುಸ್ತರ. ಗಂಡಸಿಗೆ ರೈಲಿನ ಡಬ್ಬಿಯಾದರೂ ಕಡಲ ಕಟ್ಟೆಯಾದರೂ ಇತ್ತು. ರಾತ್ರಿ ಎಂಟರೊಳಗೆ ಮನೆ ಸೇರಬೇಕಾದ ಹುಡುಗಿಗೆ ಅದೂ ಇರಲಿಲ್ಲ. 1995ರಲ್ಲಿ ‘ಸ್ತ್ರೀ ಸಂಗಮ’ ಎಂಬ ಹೆಸರಿನಿಂದ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ‘ಲೇಬಿಯಾ’ ಎನಿಸಿಕೊಂಡ ಗುಂಪು ಈ ಹೆಣ್ಣುಮಕ್ಕಳ ಪಾಡನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿತು. ಮನೆಯಲ್ಲಿ ಹೊಡೆತ, ಬಲವಂತದ ಮದುವೆ, ಓದು ನಿಂತದ್ದು, ಕೆಲಸ ಕಳೆದದ್ದು. ಸ್ತ್ರೀಯಾಗಿ ಹುಟ್ಟಿದ್ದರ ಭಾರವೂ ಭಿನ್ನವಾಗಿ ಪ್ರೀತಿಸಿದ್ದರ ಭಾರವೂ ಒಂದೇ ಹೆಗಲಿಗೆ ಬೀಳುವ ಕಥನಗಳವು.

ಸಮುದಾಯದ ಒಳಗೆ ಕಲಹವಿಲ್ಲವೆಂದು ಚಿತ್ರಿಸುವುದು ಸುಳ್ಳಾದೀತು, ಮತ್ತು ಅಂತಹ ಸುಳ್ಳಿನಿಂದ ಅವರಿಗೆ ಉಪಕಾರವೂ ಆಗದು. ಇಂಗ್ಲಿಷು ಬಲ್ಲ ದಕ್ಷಿಣ ಮುಂಬಯಿಯ ಸಲಿಂಗಿಗೂ, ನಾಲಾಸೋಪಾರಾದಿಂದ ನಿಂತುಕೊಂಡೇ ಬರುವ, ಹೆಣ್ಣಿನ ಹಾವಭಾವದ ಪುರುಷನಾದ ‘ಕೋತಿ’ಗೂ ನಡುವೆ ಇರುವ ಅಂತರವು ಯಾವ ಧ್ವಜದಿಂದಲೂ ಮುಚ್ಚುವಂತಹದಲ್ಲ. ಹಿಜ್ಡಾ ಘರಾಣೆಗಳಲ್ಲಿ, ಎಂದರೆ ಮನೆತನಗಳಲ್ಲಿ, ಗುರುವಿಗೂ ಶಿಷ್ಯೆಯಾದ ಚೇಲಾಳಿಗೂ ಇರುವ ಸಂಬಂಧವು ತಾಯಿಮಗಳ ವಾತ್ಸಲ್ಯವನ್ನೂ ಒಡೆಯ ಆಳಿನ ಕಟ್ಟುನಿಟ್ಟನ್ನೂ ಒಟ್ಟಿಗೆ ಧರಿಸಿರುತ್ತದೆ. ಮನೆಯಿಂದ ಹೊರದೂಡಲ್ಪಟ್ಟ ಹದಿನಾರರ ಮಗುವಿಗೆ ಅನ್ನವಿಕ್ಕುವ ಕೈಯೇ ದಿನದ ಸಂಪಾದನೆಯ ಲೆಕ್ಕವನ್ನೂ ಕೇಳುತ್ತದೆ. ಯಾವ ಘರಾಣೆಯವರು ಯಾವ ಬೀದಿಯಲ್ಲಿ ಬಧಾಯಿಗೆ, ಎಂದರೆ ಮಗು ಹುಟ್ಟಿದ ಅಥವಾ ಮದುವೆಯಾದ ಮನೆಗೆ ಹರಸಿ ಕಾಣಿಕೆ ಪಡೆಯಲು, ಹೋಗಬಹುದೆಂಬುದಕ್ಕೆ ಜಗಳಗಳೂ ಪಂಚಾಯಿತಿಗಳೂ ನಡೆಯುತ್ತವೆ. ಈ ಲೋಕದಿಂದಲೇ ಬಂದ ಗೌರಿ ಸಾವಂತರು ಮಾಲಾಡಿನ ಮಾಲವಣಿಯಲ್ಲಿ ‘ಸಖಿ ಚಾರ್ ಚೌಘಿ’ ಸಂಸ್ಥೆಯ ಮೂಲಕ ಕೆಲಸ ಮಾಡಿದರು. ತೃತೀಯ ಲಿಂಗದವರನ್ನು ಸಂವಿಧಾನದ ಪೂರ್ಣ ಪ್ರಜೆಗಳೆಂದು 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಸಾರಿದ ಮೊಕದ್ದಮೆಯಲ್ಲಿ ಗೌರಿಯವರ ದನಿಯೂ ಠಾಣೆಯ ಲಕ್ಷ್ಮೀನಾರಾಯಣ ತ್ರಿಪಾಠಿಯವರ ದನಿಯೂ ಸೇರಿದ್ದವು.

ರಾಜಕೀಯದ ಬಿರುಕೂ ಉಂಟು. 2008ರ ಆಗಸ್ಟ್ 16ರಂದು ಆಗಸ್ಟ್ ಕ್ರಾಂತಿ ಮೈದಾನದಿಂದ ಗಿರಗಾಂವ್ ಚೌಪಾಟಿಗೆ ಹೊರಟ ಪ್ರಥಮ ಸ್ವಾಭಿಮಾನ ಯಾತ್ರೆಯಲ್ಲಿ ಎಲ್ಲರೂ ಒಂದೇ ಮಾತನ್ನಾಡಿದ್ದರು. ಎದುರಿಗೆ ಒಂದೇ ಕಲಮು ಇದ್ದಿತು. 2020ರ ಫೆಬ್ರವರಿ 1ರಂದು ಆಜಾದ್ ಮೈದಾನದಲ್ಲಿ ನಡೆದ ಅಂತಹದೇ ಸ್ವಾಭಿಮಾನ ಕೂಟದಲ್ಲಾದರೋ ಕೆಲವರು ಕೂಗಿದ ಘೋಷಣೆಗಳಿಗಾಗಿ ರಾಜದ್ರೋಹದ ಮೊಕದ್ದಮೆ ದಾಖಲಾಯಿತು, ಸಂಘಟಕರು ಆ ಘೋಷಣೆಗಳಿಂದ ದೂರ ಸರಿದು ನಿಂತರು, ಮತ್ತು ಇದುವರೆಗೆ ಒಂದೇ ಬಳಗವೆಂದು ಕಂಡವರಲ್ಲಿ ಯಾರು ಯಾರ ಪರ ಎಂಬ ಪ್ರಶ್ನೆಯೆದ್ದಿತು. ಪೀಡಿತರಾದವರೆಲ್ಲರೂ ಏಕಮತದವರಾಗಿರಲೇಬೇಕೆಂದು ನಾವು ನಿರೀಕ್ಷಿಸುವುದು ಅನ್ಯಾಯ. ಉಳಿದ ಪ್ರಜೆಗಳಿಗೆ ಇರುವ ಭಿನ್ನಾಭಿಪ್ರಾಯದ ಹಕ್ಕು ಅವರಿಗೂ ಉಂಟು.

ಕಾನೂನಿನ ಕಥೆಯನ್ನು ಬೇಗನೆ ಹೇಳಿಬಿಡಬಹುದು. 2009ರ ಜುಲೈ 2ರಂದು ದಿಲ್ಲಿ ಉಚ್ಚ ನ್ಯಾಯಾಲಯವು 377ನೆಯ ಕಲಮನ್ನು ವಯಸ್ಕರ ಸಮ್ಮತಿಯ ಸಂಬಂಧದ ಮಟ್ಟಿಗೆ ತೆಗೆದುಹಾಕಿತು. ಆ ಪೀಠದ ಮುಖ್ಯ ನ್ಯಾಯಮೂರ್ತಿ ಎ. ಪಿ. ಶಾ ಅವರು ಕನ್ನಡ ಮರಾಠಿಗಳೆರಡೂ ಹೊಕ್ಕುಬಳಕೆಯಾಗಿರುವ ಸೊಲ್ಲಾಪುರದಲ್ಲಿ ಜನಿಸಿದವರು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿತು; 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ ಬಿಡುಗಡೆಯನ್ನು ಘೋಷಿಸಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಒಪ್ಪಲಿಲ್ಲ. ಅಪರಾಧಿಯೆಂಬ ಹೆಸರು ಅಳಿಯಿತು. ಆದರೆ ಬಾಡಿಗೆಯ ಕರಾರಿನಲ್ಲಿ, ಆಸ್ಪತ್ರೆಯ ಕಾಗದದಲ್ಲಿ, ಸತ್ತವನ ಆಸ್ತಿಯಲ್ಲಿ ಇಪ್ಪತ್ತು ವರ್ಷ ಜತೆಯಾಗಿ ಬಾಳಿದ ಸಂಗಾತಿಯು ಈಗಲೂ ಪರಕೀಯನೇ.

ಹಳೆಯ ಕಾಲದಲ್ಲಿ ಇದೆಲ್ಲ ಇರಲಿಲ್ಲವೆಂದು, ಇದು ಮುಂಬಯಿಯ ನೀರು ಕುಡಿದದ್ದರ ಫಲವೆಂದು ಹೇಳುವ ಹಿರಿಯರನ್ನು ನಾನು ಗೌರವದಿಂದಲೇ ವಿರೋಧಿಸುತ್ತೇನೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಯಂದು ಹೋದವರು, ತಲೆಯ ಮೇಲೆ ದೇವಿಯ ಮೂರ್ತಿಯ ಬುಟ್ಟಿಯಾದ ಜಗ ಹೊತ್ತು, ಹಣೆಗೆ ಭಂಡಾರ ಬಳಿದು, ಚೌಡಿಕೆಯ ನಾದಕ್ಕೆ ಹೆಜ್ಜೆಹಾಕುವ ಜೋಗಪ್ಪಗಳನ್ನು ಕಂಡೇ ಇರುತ್ತಾರೆ. ಗಂಡಾಗಿ ಹುಟ್ಟಿ, ದೇವಿಯು ಮೈಮೇಲೆ ಬಂದಳೆಂಬ ನಂಬಿಕೆಯಿಂದ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಬಾಳುವ ಈ ಪರಂಪರೆಯು ಉತ್ತರ ಕರ್ನಾಟಕದಲ್ಲಿಯೂ ದಕ್ಷಿಣ ಮಹಾರಾಷ್ಟ್ರದಲ್ಲಿಯೂ ತಲೆಮಾರುಗಳಿಂದ ನಡೆದುಬಂದಿದೆ. ಇದೇ ಪರಂಪರೆಯವರಾದ, ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ರಾಷ್ಟ್ರಪತಿಯವರಿಗೆ ಸೆರಗಿನಿಂದ ನಿವಾಳಿಸಿ ದೃಷ್ಟಿ ತೆಗೆದ ಅವರ ಚಿತ್ರವನ್ನು ದೇಶವೆಲ್ಲ ಕಂಡಿತು. ಗ್ರಾಮವು ಜೋಗಪ್ಪಗಳಿಗೆ ಒಂದು ಸ್ಥಾನವನ್ನು ಕೊಟ್ಟಿತೆಂಬುದು ನಿಜ. ಆದರೆ ಅದು ದೈವದ ಮುಂದಿನ ಸ್ಥಾನ, ಮನೆಯೊಳಗಿನ ಸ್ಥಾನವಲ್ಲ. ಹುಣ್ಣಿಮೆಯಂದು ಕಾಲಿಗೆರಗಿದವರೇ ಮರುದಿನ ಇವರು ಭಿಕ್ಷೆಗೆ ಬಂದಾಗ ಮುಖ ತಿರುಗಿಸುತ್ತಾರೆ. ಪೂಜ್ಯರೆಂದು ಕರೆದು ಪಂಕ್ತಿಯಿಂದ ಹೊರಗಿರಿಸುವ ಈ ರೀತಿಯನ್ನು ಸಹಿಷ್ಣುತೆಯೆಂದು ಕೊಂಡಾಡಲು ನನಗೆ ಮನಸ್ಸು ಬಾರದು.

ಕನ್ನಡ ಸಾಹಿತ್ಯವು ಈ ವಿಷಯದಲ್ಲಿ ತನ್ನ ಕರ್ತವ್ಯವನ್ನು ಆರಂಭಿಸಿದೆ. ಸಂಡೂರಿನ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು 2013ರಲ್ಲಿ ಪ್ರಕಟವಾದ ಮೇಲೆ, ಯಾವ ಮಾತನ್ನು ಸ್ವಂತ ಭಾಷೆಯಲ್ಲಿ ಆಡಲು ಬರುವುದಿಲ್ಲವೆಂದು ತಿಳಿದಿದ್ದರೋ ಆ ಮಾತನ್ನು ಅಚ್ಚಿನಲ್ಲಿ ಕಂಡ ತರುಣರು ಊರೂರುಗಳಿಂದ ಲೇಖಕರನ್ನು ಸಂಪರ್ಕಿಸಿದರು. ಮುಂಬಯಿಯ ಬದುಕನ್ನು ಯಶವಂತ ಚಿತ್ತಾಲರೂ ಜಯಂತ ಕಾಯ್ಕಿಣಿಯವರೂ ಕನ್ನಡಕ್ಕೆ ತಂದುಕೊಟ್ಟಂತೆ, ಈ ನಗರದ ಕನ್ನಡ ಸಲಿಂಗಿಯ ಬದುಕನ್ನೂ ಒಬ್ಬರು ಒಳಗಿನಿಂದ ಬರೆಯಲೆಂಬುದು ನನ್ನ ಹಾರೈಕೆ.

ಒಂದು ಅನ್ಯಾಯವನ್ನು ವಿಶೇಷವಾಗಿ ಹೇಳಬೇಕು. ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಔಷಧಿಯಂತೆ ಪ್ರಯೋಗವಾಗುತ್ತದೆ. ಮಗನ ಇಂಗಿತವನ್ನು ಬಲ್ಲ ತಂದೆತಾಯಿಗಳೂ, ಮರ್ಯಾದೆಗೆ ಅಂಜಿ, ಊರಿನಿಂದ ಬಡಮನೆಯ ಹುಡುಗಿಯೊಬ್ಬಳನ್ನು ತಂದು ಧಾರೆಯೆರೆಸಿಕೊಳ್ಳುತ್ತಾರೆ. ಆ ಹುಡುಗಿಯು ಭಾಷೆ ಬಾರದ ನಗರದಲ್ಲಿ, ತನ್ನಲ್ಲಿ ಏನು ಕೊರತೆಯಿದೆಯೆಂದು ತನ್ನನ್ನೇ ಶೋಧಿಸಿಕೊಳ್ಳುತ್ತ, ಹರೆಯವನ್ನು ಕಳೆಯುತ್ತಾಳೆ. ಮಗನ ಜೀವನವು ಸರಿಹೋಗುವುದಿಲ್ಲ. ಇನ್ನೊಂದು ಜೀವನವೂ ಕೆಡುತ್ತದೆ. ಇದು ಪಾಪವೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ, 2015ರಲ್ಲಿ ಮುಂಬಯಿಯ ಪದ್ಮಾ ಅಯ್ಯರ್ ಎಂಬ ತಾಯಿಯು ತನ್ನ ಮಗ ಹರೀಶನಿಗೆ ವರ ಬೇಕೆಂದು ‘ಮಿಡ್ ಡೇ’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಳು. ಆ ಜಾಹೀರಾತಿನಲ್ಲಿ ಜಾತಿಯ ಉಲ್ಲೇಖವಿದ್ದುದನ್ನು ಹಲವರು ಟೀಕಿಸಿದರು, ಟೀಕೆ ಸಾಧುವಾದುದೇ. ಆದರೆ ಒಬ್ಬ ತಾಯಿ ಎಲ್ಲ ತಾಯಂದಿರಂತೆಯೇ ಮಗನ ಸಂಸಾರದ ಚಿಂತೆಯನ್ನು ಬಹಿರಂಗವಾಗಿ ಆಡಿದ್ದು ನನಗೆ ದೊಡ್ಡದಾಗಿ ಕಂಡಿತು. 2017ರಿಂದ ‘ಸ್ವೀಕಾರ್’ ಎಂಬ ಹೆಸರಿನಲ್ಲಿ ಇಂತಹ ಮಕ್ಕಳ ತಂದೆತಾಯಿಗಳೇ ಒಂದುಗೂಡಿ, ಹೊಸದಾಗಿ ಈ ಸತ್ಯವನ್ನು ಎದುರಿಸುವ ಪೋಷಕರ ಕೈಹಿಡಿಯುತ್ತಿದ್ದಾರೆ.

ಆದುದರಿಂದ ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಹೋಟೆಲಿನ ಹುಡುಗನಿಗೆ ಓದು ಬೇಕೆಂದು ಯಾರೂ ಹೇಳದಿದ್ದ ಕಾಲದಲ್ಲಿ ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ತೆರೆದರು. ಈಗ ತಿಂಗಳಿಗೊಂದು ಭಾನುವಾರದ ಅಪರಾಹ್ಣ, ನಿಮ್ಮ ಸಭಾಗೃಹದ ಒಂದು ಕೋಣೆಯನ್ನು ಇಂತಹ ಮಕ್ಕಳ ತಂದೆತಾಯಿಗಳಿಗಾಗಿ ತೆರೆದಿಡಿ. ಕನ್ನಡದಲ್ಲಿಯೂ ತುಳುವಿನಲ್ಲಿಯೂ ಮಾತನಾಡಬಲ್ಲ ಒಬ್ಬ ಮನೋವೈದ್ಯರನ್ನು ಕರೆಯಿರಿ, ಏಕೆಂದರೆ ಕಾರ್ಕಳದ ತಾಯಿಯು ಇಂಗ್ಲಿಷಿನಲ್ಲಿ ಅಳಲಾರಳು. ‘ಈವ್ನಿಂಗ್ ಶ್ಯಾಡೋಸ್’ ಚಿತ್ರವನ್ನು ಒಮ್ಮೆ ಪ್ರದರ್ಶಿಸಿ, ಮಂಡ್ಯದ ಆ ನಿರ್ದೇಶಕರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಮಾತನಾಡಿಸಿ. ‘ಮೋಹನಸ್ವಾಮಿ’ಯ ಒಂದು ಪ್ರತಿಯನ್ನು ನಿಮ್ಮ ಗ್ರಂಥಾಲಯದ ಕಪಾಟಿನಲ್ಲಿ ಎಲ್ಲರ ಕೈಗೆ ಸಿಕ್ಕುವಂತೆ ಇರಿಸಿ. ಮತ್ತು ಮುಂದಿನ ವಾರ್ಷಿಕೋತ್ಸವದಲ್ಲಿ, ಸಂಗಾತಿಯೊಡನೆ ಬಂದು ಕೊನೆಯ ಸಾಲಿನಲ್ಲಿ ಕುಳಿತ ತರುಣನನ್ನು ಕಂಡರೆ, ದಯವಿಟ್ಟು ಮದುವೆ ಯಾವಾಗ ಎಂದು ಕೇಳಬೇಡಿ. ಇಬ್ಬರನ್ನೂ ಊಟಕ್ಕೆ ಕರೆಯಿರಿ.